ಕಾಲು ಮಾತ್ರೆ

ಗಾಯ ಒಣಗಿತು, ಹಕ್ಕಳೆ ಉದುರಿತು.
ನೆಟ್ಟ ಮೂರು ಸಾವಿರದ ಇನ್ನೂರು ಬೇರೂ
ಹಿಡಿದುಕೊಂಡಿವೆ ಅಂದರು ಫೋನಿನಲ್ಲಿ.
ಹಿಂದಲೆಯಿಂದ ಕಿತ್ತು ಮುಂದಲೆಗೆ ನಾಟಿದ್ದು,
ಹಟಮಾರಿ ಜಾತಿ, ತುರ್ಗಾಯ್ ಬೇ, ಅವು ಹೋಗುವುದಿಲ್ಲ.
ಹೋಗುವವು, ಮೊದಲಿಂದ ಅಲ್ಲೇ ಇದ್ದವು.

ಅಷ್ಟು ದುಡ್ಡು ಎಣಿಸಿಕೊಂಡ ಮೇಲೆ
ಹೇಳುವ ಮಾತೇ ಇದು?

ಅಂದರೆ, ಮುಂದೆ ಬೇಲಿ ಗಟ್ಟಿ,
ಬೇಲಿಯ ಹಿಂದೆ ಹೊಲ ಬರಿದಾಗುತ್ತ ಹೋಗುತ್ತದೆ.
ಬಂದವರು ಬೇರುಬಿಟ್ಟು ಕೂತಿರುವಾಗ
ಹುಟ್ಟಿನಿಂದ ಇದ್ದವರು ಒಬ್ಬೊಬ್ಬರಾಗಿ
ದಿಂಬಿನ ಮೇಲೆ ಇಳಿದು
ಹೇಳದೆ ಕೇಳದೆ ಹೊರಡುತ್ತಾರೆ.
ಅವರನ್ನು ತಡೆಯಲು ಮಾತ್ರೆ.
ಎಷ್ಟು ದಿನ?
ತಲೆ ಇರುವಷ್ಟು ದಿನ.

ನಾನು ದೋಣಿಕಟ್ಟೆಯ ಹಗ್ಗದವನು.
ಕರ್ಶಿಯಾಕಾದಿಂದ ಕೊನಾಕಿಗೆ, ಮತ್ತೆ ಕರ್ಶಿಯಾಕಾಕ್ಕೆ,
ದಿನಕ್ಕೆ ಹದಿನಾಲ್ಕು ಸಲ
ಗೂಟಕ್ಕೆ ಹಗ್ಗ ಎಸೆದು ಬಿಗಿಯುತ್ತೇನೆ, ಬಿಚ್ಚುತ್ತೇನೆ.
ಬಿಡದೆ ಹಿಡಿಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.
ಆದರೆ ಕೊಲ್ಲಿಯ ಗಾಳಿಗೆ ಮಾನಮರ್ಯಾದೆ ಇಲ್ಲ;
ಹದಿನೈದು ವರ್ಷ ಅದು ನನ್ನ ಟೋಪಿ ಎತ್ತಿ
ಇಡೀ ಇಜ್ಮಿರಿಗೆ ತೋರಿಸಿದೆ
ಒಳಗಿನ ಸಮಾಚಾರ.

ಔಷಧದಂಗಡಿಯ ಸೆವಿಂಚ್ ಹಾನುಮ್
ಕನ್ನಡಕ ಇಳಿಸಿದಳು, ದನಿಯನ್ನೂ:
ಒಂದರ ಮಾತ್ರೆ ದುಬಾರಿ, ಐದರದು ಅಗ್ಗ,
ಡಾಕ್ಟರು ಹೂಂ ಅಂದರೆ ನಾಲ್ಕು ತುಂಡು ಮಾಡಿಕೋ.
ಹುಡಿಯನ್ನು ಬಸುರಿಯರು ಮುಟ್ಟಬಾರದು.
ಹಚ್ಚುವ ನೀರು ಬೇರೆ; ಅದನ್ನು ಹಚ್ಚಿದ ತಲೆಯ ಹತ್ತಿರ
ಬೆಕ್ಕು ಸುಳಿಯಬಾರದು. ನೆಕ್ಕಿದರೆ ಜೀವ ಹೋದೀತು.

ಮನೆಯಲ್ಲಿ ಬಸುರಿಯರಿಲ್ಲ.
ಬೆಕ್ಕಿದೆ. ಜೇಯ್ತಿನ್. ಏಳು ವರ್ಷದಿಂದ
ನನ್ನ ನೆತ್ತಿಗೆ ಹೊಟ್ಟೆ ಒತ್ತಿ ಮಲಗುತ್ತಿದ್ದವಳು.
ಬೋಳಿನ ಬಿಸಿ ಅವಳಿಗಿಷ್ಟ.
ಇದ್ದ ಹಾಗೇ ನನ್ನನ್ನು ಒಪ್ಪಿಕೊಂಡವಳು ಒಬ್ಬಳೇ,
ಅವಳನ್ನೇ ಹೊರಗಿಟ್ಟೆ.
ರಾತ್ರಿಯಿಡೀ ಬಾಗಿಲು ಪರಚುತ್ತಾಳೆ.

ಮೊದಲ ತಿಂಗಳು ಇನ್ನಷ್ಟು ಉದುರಿತು.
ಉದುರುವುದೇ ಒಳ್ಳೆಯ ಲಕ್ಷಣವಂತೆ.
ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆಯಂಥ ಅಕ್ಷರ:
ಕೆಲವರಿಗೆ ಆಸೆ ಕುಂದಬಹುದು.
ಓದಿ ನಕ್ಕೆ. ಯಾರ ಮೇಲಿನ ಆಸೆ?
ಎರಡನೆಯ ಸಲ ಓದಿದಾಗ ನಗಲಿಲ್ಲ.

ನಿನ್ನೆ ರಾತ್ರಿ ಎರಡೂವರೆ.
ಅಡುಗೆಮನೆಯ ದೀಪದಡಿ ನಾನು, ಬ್ಲೇಡು,
ಬ್ಲೇಡಿಗೆ ಸಿಗದೆ ಜಾರುವ ನೀಲಿ ಗುಂಡು.
ಎರಡು ತುಂಡು ದೊಡ್ಡದು, ಒಂದು ಸಣ್ಣದು, ಮಿಕ್ಕಿದ್ದು ಹುಡಿ.
ಮೂರನೆಯ ಸಲ ಬಚ್ಚಲಿಗೆ ಹೊರಟ ಅಪ್ಪ ನಿಂತ.
ನಜ್ಮಿ, ಎಪ್ಪತ್ತಾರು,
ತಂಬಾಕಿನ ಗೋದಾಮಿನಲ್ಲಿ ಎಲೆ ವಿಂಗಡಿಸಿ ಹಳದಿಯಾದ ಬೆರಳು,
ಮೂವತ್ತಕ್ಕೇ ನುಣ್ಣಗಾದ ತಲೆ.
ಡಬ್ಬಿಯನ್ನು ದೂರ ಹಿಡಿದು ಹೆಸರು ಓದಿದ.
ಕೋಣೆಗೆ ಹೋಗಿ ತನ್ನದನ್ನು ತಂದ.
ಅದೇ ಹೆಸರು. ಅದೇ ನೀಲಿ.
ಅವನಿಗೆ ಇಡಿ, ಉಚ್ಚೆ ಸಲೀಸಾಗಲು.
ನನಗೆ ಕಾಲು, ತಲೆ ಎತ್ತಿ ನಡೆಯಲು.

'ನನ್ನ ಉಚ್ಚೆಯ ಮದ್ದು
ನಿನ್ನ ತಲೆಗೇರಿತೇನೋ' ಅಂದ.
ಕುರ್ಚಿ ಎಳೆದು ಕೂತ.
ಎಷ್ಟಾಯಿತು ಇದಕ್ಕೆಲ್ಲ, ಕೇಳಿದ. ಅರ್ಧ ಹೇಳಿದೆ.
ಅರ್ಧವೆಂದು ಅವನಿಗೆ ಗೊತ್ತಾಯಿತು.
ಬ್ಲೇಡು ತಗೊಂಡ. ಬೆರಳು ನಡುಗಲಿಲ್ಲ.
ಎಲೆಯ ನರ ಸೀಳುವ ಹಾಗೆ ಒಂದು ಗೆರೆ, ಅಡ್ಡ ಇನ್ನೊಂದು,
ನಾಲ್ಕೂ ಸಮ.

ಹಲಗೆಯ ಮೇಲಿನ ಹುಡಿಯನ್ನು
ತುದಿಬೆರಳಿಗೆ ಹತ್ತಿಸಿ ನೆಕ್ಕಿದ.
'ಇದು ನನ್ನ ಬಾಬ್ತು.'

ನಾನು ನೆತ್ತಿಗೆ ನೀರು ತಿಕ್ಕಿ, ದೀಪ ಆರಿಸಿ
ಅಂಗಾತ ಮಲಗಿದೆ. ಬಾಗಿಲು ಪರಚುತ್ತಿದ್ದಳು.
ಆಮೇಲೆ ಅವನ ಕೋಣೆಯ ಕದ ತೆರೆದ ಸದ್ದು.
ಪರಚುವುದು ನಿಂತಿತು.