ಚೆಲ್ಲಿದವರು ಯಾರು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ನಾವು ಇಪ್ಪತ್ತೆರಡು ಹೆಂಗಸರು, ಕಾಫಿ ಬೀಜ ಆರಿಸುವವರು.
ಕಪ್ಪು ಬೇರೆ, ಚೂರು ಬೇರೆ,
ಹುಳ ಕೊರೆದದ್ದು ಬೇರೆ, ಉಂಡೆ ಪೀಬೆರಿ ಬೇರೆ.
ನೆಲಕ್ಕೆ ಬಿದ್ದರೆ ಬಗ್ಗಿ ಹೆಕ್ಕಬೇಕು,
ಹೆಕ್ಕದಿದ್ದರೆ ಮೇಸ್ತ್ರಿ ಲೋಕನಾಥ ಹೆಸರು ಬರೆದುಕೊಳ್ಳುತ್ತಾನೆ.

ಇವತ್ತು ಹೆಡ್ ಆಫೀಸಿನಿಂದ ಇಬ್ಬರು ಬಂದಿದ್ದರು.
ಅವರ ಕಾರು ಗೇಟು ದಾಟಿತೋ ಇಲ್ಲವೋ
‘ಹೂ ಸ್ಪಿಲ್ಡ್ ದ ಬೀನ್ಸ್?’
ಮ್ಯಾನೇಜರು ಕೂಗಿದ್ದು ಶೆಡ್ಡಿನ ತುದಿಗೂ ಕೇಳಿತು.
ಬೀನ್ಸ್ ನಮಗೆ ಗೊತ್ತು, ಮೂಟೆ ಮೇಲೆ ಬರೆದಿರುತ್ತದೆ.
ಸ್ಪಿಲ್ಡ್ ಅಂದರೆ ಚೆಲ್ಲುವುದು,
ಪಾಪಾತಿ ಮೊಬೈಲಲ್ಲಿ ನೋಡಿ ಹೇಳಿದಳು.
ಅಷ್ಟೇ,
ಇಪ್ಪತ್ತೆರಡು ತಲೆ ಮೇಜಿನ ಕೆಳಗೆ.
ನನಗೆ ಸಿಕ್ಕಿದ್ದು ಏಳು ಬೀಜ, ಒಂದು ಹೇರ್‌ಪಿನ್ನು.

ರಾತ್ರಿ ಮುದ್ದೆ ತಿರುವುತ್ತಾ ಹೇಳಿದರೆ
ಹರ್ಷಿಣಿ ನಕ್ಕೂ ನಕ್ಕೂ ಗೋಡೆಗೊರಗಿದಳು:
‘ಅವ್ವಾ, ಅದು ಬೀಜದ ಮಾತೇ ಅಲ್ಲ.
ಗುಟ್ಟು ರಟ್ಟು ಮಾಡಿದ್ದು ಯಾರು ಅಂತ ಕೇಳಿದ್ದು.
ಇಂಥದನ್ನ ಬಿಡಿಸಿ ನೋಡಬಾರದಂತೆ,
ಮಾತ್ರೆ ಥರ ಇಡಿಯಾಗಿ ನುಂಗಬೇಕು, ಟೀಚರು ಹೇಳಿದ್ದಾರೆ.’

‘ನಮ್ಮಲ್ಲಿಲ್ಲವೇನೇ ಅಂಥದು?’ ಅಂದೆ.
‘ನಿಮ್ಮಪ್ಪ ನನಗೆ ಕೈ ಕೊಟ್ಟ.
ಇದನ್ನೇ ಹಾಗೇ ಇಂಗ್ಲಿಷಿಗೆ ಎತ್ತಿಟ್ಟರೆ
ಮದುವೆಯಾದ ಅಂತ ಕೇಳುತ್ತೆ.’
ಅವಳು ನಗಲಿಲ್ಲ. ನಾನೇ ನಕ್ಕೆ.

ಸಾರಿಗೆ ಉಪ್ಪು ಹಾಕುವಾಗ ನೆನಪಾಯಿತು.
ಹೋದ ವಾರ, ಸುಂಟಿಕೊಪ್ಪದ ಬಸ್ಸು,
ಪಕ್ಕದ ಸೀಟಲ್ಲಿ ಬೊಳ್ಳವ್ವ ಅಂತ ಒಬ್ಬರು ಅಜ್ಜಿ,
ಎರಡೆಕರೆ ರೊಬಸ್ಟಾ ಅಂತೆ,
ನಮ್ಮಲ್ಲೇ ಮೂಟೆ ಹಾಕಿ ವಾಪಸಾಗುತ್ತಿದ್ದರು.
ಟಿಕೇಟಿನ ಚಿಲ್ಲರೆ ಎಣಿಸುತ್ತಾ, ಸುಮ್ಮನೆ,
ಹೊತ್ತು ಹೋಗಲಿ ಅಂತ, ಹೇಳಿದ್ದೆ:
‘ನಮ್ಮ ತೂಕದ ಯಂತ್ರ ಮೂಟೆಗೆ ಎರಡು ಕಿಲೋ ತಿನ್ನುತ್ತೆ ಅಜ್ಜಿ.’
ಅವರು ಏನೂ ಅನ್ನಲಿಲ್ಲ.
ಇಳಿಯುವಾಗ ನನ್ನ ಮೊಣಕೈ ಒಮ್ಮೆ ಮುಟ್ಟಿದರು.

ಉಪ್ಪು ಕೈಯಲ್ಲೇ ಉಳಿಯಿತು.
ಮೇಜಿನ ಕೆಳಗೆ ಎಲ್ಲರಿಗಿಂತ ಮೊದಲು
ಮೊಣಕಾಲೂರಿದವಳು ನಾನು.

‘ಚೆಲ್ಲಿದ್ದನ್ನ ಹೆಕ್ಕೋದಕ್ಕೆ
ಇಂಗ್ಲಿಷಲ್ಲಿ ಏನಾದರೂ ಇದೆಯೇನೇ?’
ಹರ್ಷಿಣಿ ಪುಸ್ತಕ ತಿರುವಿದಳು,
ಹಿಂದಿನ ಪುಟ, ಮುಂದಿನ ಪುಟ.
‘ಇದರಲ್ಲಿ ಚೆಲ್ಲೋದಷ್ಟೇ ಕೊಟ್ಟಿದ್ದಾರೆ ಅವ್ವಾ.’

ಸರಿ ಬಿಡು, ಅಂದೆ. ಮುದ್ದೆ ಆರುತ್ತೆ, ಉಣ್ಣು.