ಹನಿ ನೋಡುವವರು

ಟ್ಯೂಬಿನ ಮೇಲೆ ಹೆಸರಿಲ್ಲ, ಅರವತ್ತೊಂದು ಎಂದಷ್ಟೇ ಇದೆ.
ಮೈನಸ್ ಎಂಬತ್ತರ ಫ್ರೀಜರಿನಿಂದ ಎತ್ತಿಕೊಂಡರೆ
ಕೈಗವಸಿನೊಳಗೂ ಬೆರಳು ಚುರ್ರೆನ್ನುತ್ತದೆ.
ಕರಗಲು ಬಿಟ್ಟು ಕಿಟಕಿಗೆ ಬರುತ್ತೇನೆ:
ಕೆಳಗೆ ಇರ್ವಿನ್ ರಸ್ತೆ, ಬಸ್ಸಿಗೆ ಓಡುತ್ತಿರುವ ಹೆಂಗಸು,
ಕಳಚಿದ ಒಂದು ಚಪ್ಪಲಿಗಾಗಿ ಹಿಂದಿರುಗಿ ಬಸ್ಸು ತಪ್ಪಿಸಿಕೊಂಡಳು.

ಅರವತ್ತೊಂದು ಯಾರೆಂದು ನನಗೆ ಗೊತ್ತಿರಬಾರದು, ನಿಯಮ.
ಗೊತ್ತು.
ರಕ್ತ ತೆಗೆದವಳು ನಾನೇ.
ಪಾಂಡವಪುರದ ಕಡೆಯ ಜವರಯ್ಯ,
ಹೆಸರಿನಲ್ಲೇ ಜವರಾಯನನ್ನು ಇಟ್ಟುಕೊಂಡು
ನಲವತ್ತು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವರು.
ನರ ಸಿಗದೆ ಮೂರನೆಯ ಸಲ ಚುಚ್ಚಿದಾಗ ಕೇಳಿದ್ದರು:
"ಇಷ್ಟರಲ್ಲಿ ಏನ್ ಗೊತ್ತಾಯ್ತದವ್ವ?"

ಪ್ರೊಟೀನು, ಅಂದೆ. ಕೆಲವು ಹೆಚ್ಚಿದ್ದರೆ
ಗಡ್ಡೆ ಮುಂದೆ ಏನು ಮಾಡೀತು ಅಂತ...
ಅಲ್ಲಿಗೆ ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ.
"ಹಂಗಾರೆ ನಮ್ಮ ಕಸುಬೇ ಬುಡು.
ಕೊಪ್ಪರಿಗೆ ತುಂಬ ಕುದೀತಿರ್ತದೆ, ಯಾರೂ ಅದ್ರೊಳಕ್ಕೆ ಇಳಿಯಾಕಿಲ್ಲ.
ಒಂದು ಹನಿ ತಣ್ಣೀರಿಗೆ ಬುಟ್ಟು, ಬೆರಳಲ್ಲಿ ಉಂಡೆ ಕಟ್ಟಿ
ತಟ್ಟೆಗೆ ಹೊಡೀತೀವಿ. ಟಣ್ ಅಂದ್ರೆ ಇಳಿಸು.
ಅನ್ನಾಕಿಲ್ವಾ, ಇನ್ನೊಂದು ತೆಕ್ಕೆ ರಚ್ಚು ಹಾಕು ಒಲೆಗೆ."
ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಬಾಗಿಲ ಹತ್ತಿರ ಹೋಗಿ,
"ತಪ್ಪೂ ಆಯ್ತದೆ ಕಣವ್ವ.
ಕೆಲವು ಕಬ್ಬು ಸುಳ್ ಹೇಳ್ತವೆ."

ಈಗ ಯಂತ್ರದ ಬಾಯಿಗೆ ಅವರ ಹನಿ.
ಅಳಗುಳಿಮಣೆಯ ಮರಿಮಕ್ಕಳಂಥ ಪ್ಲೇಟು, ತೊಂಬತ್ತಾರು ಗುಳಿ,
ಒಂದೊಂದರಲ್ಲೂ ಒಂದೊಂದು ಹದದ ಹಳದಿ.
ಅವರದು ಎಲ್ಲಕ್ಕಿಂತ ಗಾಢ, ಹಳೆ ಬೆಲ್ಲದಷ್ಟು.
ಟಣ್ ಅನ್ನುವುದಿಲ್ಲ ಇದು. ಒಂದು ಸಂಖ್ಯೆ ಉಗುಳುತ್ತದೆ.
ಎಎಫ್‌ಪಿ, ಎರಡು ಸಾವಿರದ ನಾನೂರ ಎಂಟು.

ಈ ಪ್ರೊಟೀನನ್ನು ನಾನು ಬಲ್ಲೆ.
ತಾಯಿಯ ಒಳಗಿರುವ ಕೂಸಿನ ಪಿತ್ತಜನಕಾಂಗ ಇದನ್ನು ಮಾಡುತ್ತದೆ,
ಹುಟ್ಟಿದ ಮೇಲೆ ಮೆಲ್ಲನೆ ಮರೆಯುತ್ತದೆ.
ಅರವತ್ತು ವರ್ಷ ಕಳೆದು, ಯಾವುದೋ ಒಂದು ಜೀವಕೋಶ
ತಾನಿನ್ನೂ ಹುಟ್ಟಿಯೇ ಇಲ್ಲ ಅಂದುಕೊಂಡು
ಮತ್ತೆ ಅದೇ ತೊದಲು ಹಿಡಿಯುತ್ತದೆ.

ಮುಬೀನಾ ಹೊಟ್ಟೆಯಲ್ಲಿದ್ದಾಗ, ಐದನೇ ತಿಂಗಳು,
ನನ್ನ ರಕ್ತದಲ್ಲೂ ಇದನ್ನೇ ಅಳೆದಿದ್ದರು.
ಇವೇ ಮೂರು ಅಕ್ಷರ.
ಇರಬೇಕಾದಷ್ಟಿದೆ ಅಂದದ್ದಕ್ಕೆ ಅಮ್ಮಿ
ಮಂಡಿ ಮೊಹಲ್ಲಾದ ಆರು ಮನೆಗೆ ಖೀರು ಕಳಿಸಿದ್ದಳು.
ಆ ಚೀಟಿ ಈಗಲೂ ಬೀರುವಿನಲ್ಲಿದೆ, ಮದುವೆಯ ದುಪಟ್ಟಾದ ಅಡಿ.

ಅಧ್ಯಯನದ ಹಾಳೆಗೆ ಕೊನೆಯದೊಂದು ಕಾಲಂ.
ಸೊನ್ನೆ ಅಂದರೆ ಇದ್ದಾರೆ. ಒಂದು ಅಂದರೆ ಇಲ್ಲ.
ಯಾರು ಗೊತ್ತು ಮಾಡಿದರೋ,
ಉಳಿದವರಿಗೆಲ್ಲ ಸೊನ್ನೆ ಕೊಟ್ಟುಬಿಟ್ಟರು.
ಫೋನು ಮಾಡಿ ತುಂಬಿಸುವುದು ನನ್ನ ಪಾಲಿನ ಕೆಲಸ.
ಇಪ್ಪತ್ತಾರಕ್ಕೆ ಮಾಡಿದರೆ ಮಗ ಬೈದು ಇಟ್ಟ.
ಹನ್ನೆರಡು, ಮದ್ದೂರಿನ ಟೀಚರು, ಎಎಫ್‌ಪಿ ಬರೀ ಏಳು.
ಎಷ್ಟು ನೆಮ್ಮದಿಯಿಂದ ಬರೆದುಕೊಂಡಿದ್ದೆ ಆ ಏಳನ್ನು.
"ಶಿವರಾತ್ರಿ ಕಳೆದು ಮೂರನೇ ದಿನ," ಅಂದರು ಅವರ ಯಜಮಾನರು,
ನಾನು ಕೇಳುವ ಮೊದಲೇ.

ಕೆಲವು ಕಬ್ಬು.

ಅರವತ್ತೊಂದು. ರಿಂಗಾಗುತ್ತಿದೆ.
ಇಂಥ ಸಂಖ್ಯೆಯವರು ಹೆಚ್ಚಾಗಿ ಒಂಬತ್ತು ತಿಂಗಳು ದಾಟರು
ಎನ್ನುತ್ತದೆ ಗೋಡೆಯ ಚಾರ್ಟು.
ಸೂಜಿ ಚುಚ್ಚಿ ಹದಿನಾಲ್ಕಾಯಿತು.
ರಿಂಗಾಗುತ್ತಲೇ ಇದೆ.
"ಯಾರು?" ಹಿಂದೆ ಗಾಣದ ಗಲಾಟೆ.
ಲ್ಯಾಬಿನಿಂದ, ಅಂದೆ. ಜವರಯ್ಯನವರು...
"ಆಮ್ಯಾಕೆ ಮಾಡವ್ವ, ಪಾಕ ಬರೋ ಹೊತ್ತು!"
ದನಿ ಅವರದೋ, ತಮ್ಮನದೋ?
ಫೋನು ಕಟ್ಟಾಗಿಲ್ಲ. ಜೇಬಿಗೋ ಜಗಲಿಗೋ ಬಿದ್ದಿದೆ.
ಕಿವಿಗೊತ್ತಿಕೊಂಡು ನಿಂತೆ.
ನೀರು. ಯಾರದೋ ಕೆಮ್ಮು. ಟಣ್ ಅಂದಿತೋ ಇಲ್ಲವೋ,
ಗಾಣದ ಸದ್ದಿನಲ್ಲಿ ಕೇಳಿಸಲಿಲ್ಲ.
ಆಮೇಲೆ ಅದೇ ಕೆಮ್ಮಿದ ಗಂಟಲು, ಯಾರಿಗೋ:
"ಇನ್ನೂ ಇಲ್ಲ ಕಲಾ. ಹಾಕು, ಇನ್ನೊಂದು ತೆಕ್ಕೆ ಹಾಕು."

ಸೊನ್ನೆ ಬರೆದೆ,
ದುಂಡಗೆ, ಬಾಯಿ ಕೂಡಿಸಿ.
ಅರವತ್ತೆರಡರ ನಂಬರು ಒತ್ತಿದೆ.