ಮೂರೂವರೆ ಮೊಳ

ಅಡಿಪಟ್ಟಿಗೆ ಎಲ್ಲರ ಕೈಯೂ ಒಂದೇ.
ಮೊಳಕ್ಕೆ ಹಾಗಲ್ಲ.
ಅದಕ್ಕೇ ಮೊದಲ ದಿನ ಗರಗಸ ಮುಟ್ಟಲಿಲ್ಲ ನಾನು.
ಒಬ್ಬೊಬ್ಬರನ್ನೇ ಶೆಡ್ಡಿಗೆ ಕರೆದು
ಹಳೆಯ ಬೀರುವಿನ ಬಾಗಿಲ ಮೇಲೆ
ಮೊಣಕೈ ಊರಿಸಿದೆ,
ಪೆನ್ಸಿಲಿನಿಂದ ಗೀಟೆಳೆದೆ.

ಹೊರಗೆ ಪುಂತಾ ಅರೇನಾಸಿನ ಗಾಳಿ
ತಗಡಿನ ಮಾಡು ಕೀಳಲು ನೋಡುತ್ತಿತ್ತು.
ಬೇಸಿಗೆಯೆಂದು ಅದಕ್ಕೆ ರಜೆಯಿಲ್ಲ;
ಒಗೆದ ಅಂಗಿ ಹಗ್ಗಕ್ಕೆ ಹಾಕಿದರೆ
ಪಕ್ಕದ ಬೀದಿಯಲ್ಲಿ ಹುಡುಕಬೇಕು.

ಡ್ರಾಗಿತ್ಸಾ ಅಜ್ಜಿಯದು ಚಿಕ್ಕ ಮೊಳ.
ಅರವತ್ತು ವರ್ಷ ಉಣ್ಣೆ ಹೆಣೆದ ಕೈ
ಮೈಗೆ ಅಂಟಿಕೊಂಡೇ ಆಡುತ್ತದೆ.
ರೊಸೆಂದೊನದು ಅಗಲ.
ಕುರಿಮಾಂಸದ ಕಾರ್ಖಾನೆ ಅವನ ಎರಡು ಬೆರಳು ಇಟ್ಟುಕೊಂಡಿತು,
ಸಂಬಳದಲ್ಲಿ ಮಾತ್ರ ಏನೂ ಹಿಡಿಯಲಿಲ್ಲ
ಎಂದು ಅವನೇ ನಗುತ್ತಾನೆ.
ಅವನ ಗುಂಡಿಗಳನ್ನು ಒತ್ತೊತ್ತಾಗಿ ಗುರುತಿಟ್ಟೆ.
ಆಯ್ಲಿನ್‌ಗೆ ಒಂಬತ್ತು ವರ್ಷ.
ಅವಳ ಮೊಳ ಬರುವ ವರ್ಷಕ್ಕೆ ಸುಳ್ಳಾಗುತ್ತದೆ,
ಗೊತ್ತಿದ್ದೂ ಬರೆದುಕೊಂಡೆ.

ನಾಲ್ಕನೆಯದು ನನ್ನದು.
ತನ್ನ ಕೈ ತಾನೇ ಅಳೆಯುವುದು ಕಷ್ಟ;
ಟೇಪು ಹಿಡಿಯಲು ಒಂದು ಕೈ ಬೇಕು,
ಗೀಟೆಳೆಯಲು ಇನ್ನೊಂದು,
ಅಳೆಸಿಕೊಳ್ಳುವುದು ಯಾವುದು?
ಅಂದಾಜಿಗೆ ಬಿಟ್ಟೆ.

ಕೂಡಿಸಿದರೆ ನಾಲ್ಕು ಮೊಳ.
ಶೆಡ್ಡಿನ ಗೋಡೆಯಿಂದ ಸೌದೆಯ ಒಲೆಯವರೆಗೆ
ಮೂರೂವರೆ.
ಗೋಡೆ ಸರಿಸಬಹುದು, ಈ ಊರಿನಲ್ಲಿ ಯಾರೂ
ಒಲೆ ಸರಿಸುವುದಿಲ್ಲ.
ಹೊಟ್ಟೆ ಗಟ್ಟಿಮಾಡಿ
ತಲಾ ಎರಡು ಬೆರಳು ಕತ್ತರಿಸಿದೆ
(ಈ ಮಾತಿಗೆ ರೊಸೆಂದೊ ಬಹಳ ಹೊತ್ತು ನಕ್ಕ).

ಮೂವತ್ತೆರಡು ವರ್ಷ ಹಡಗುಗಳ ಹೊಟ್ಟೆಯಲ್ಲಿ
ತಂತಿ ಎಳೆದವನು ನಾನು.
ಪೆಟ್ಟಿಗೆಯ ಒಳಗೆ ತಲೆ ತೂರಿಸಿದಾಗ
ಅದೇ ಮರದ ಹೊಟ್ಟು, ಸೀಸದ ಹೊಗೆ, ಅದೇ ಬಗ್ಗಿದ ಬೆನ್ನು.
ಅಜ್ಜಿಗೆ ಕೆಂಪು, ರೊಸೆಂದೊಗೆ ಹಸಿರು,
ಹುಡುಗಿಗೆ ಹಳದಿ, ಉಳಿದ ನೀಲಿ ನನಗೆ.
ಪ್ರತಿ ಗುಂಡಿಗೂ ಅದರದೇ ತಂತಿ;
ಕಪ್ಪು ಮಾತ್ರ ಒಂದೇ,
ಗುಂಡಿಯಿಂದ ಗುಂಡಿಗೆ ಜಿಗಿಯುತ್ತ
ನಾಲ್ವರನ್ನೂ ಸುತ್ತಿ ಬರುತ್ತದೆ.
ಅದನ್ನು ಯಾರೂ ಆಡುವುದಿಲ್ಲ,
ಅದು ಕಡಿದರೆ ಯಾರೂ ಆಡಲಾರರು.

ಶನಿವಾರ ರಾತ್ರಿ ದೀಪ ಹೊತ್ತಿತು.
ನಾಲ್ಕು ಪುಟ್ಟ ಸೈನಿಕರು ಕಾಡಿಗೆ ಇಳಿದರು.
ಅಜ್ಜಿ ಮೂರನೆಯ ಗುಂಡಿ ಒತ್ತಿದಳು,
ರೊಸೆಂದೊನ ಸೈನಿಕ ಹಾರಿದ.
ಮತ್ತೆ ಒತ್ತಿದಳು, ಮತ್ತೆ ಹಾರಿದ.
"ನಾನು ಮುಟ್ಟಿಯೇ ಇಲ್ಲ!" ಎಂದು ಅವನು
ಎಂಟು ಬೆರಳೂ ಎತ್ತಿ ತೋರಿಸಿದ.

ನಾಚಿಕೆಯಾಯಿತು.
ಒಂದು ತಿರುಪಿನ ಕೆಳಗೆ ಎರಡು ತಂತಿ,
ಹಸಿರಿನ ಜೊತೆ ಒಂದು ಕೆಂಪು.
ಆ ರಾತ್ರಿ ಹಾಗೇ ಆಡಿದೆವು.
ಒಲೆಯ ಪಕ್ಕದವರಿಗೆ ಸೆಕೆ, ಗೋಡೆಯ ಪಕ್ಕದವರಿಗೆ ಚಳಿ,
ನಡುವೆ ಮೊಣಕೈಗೆ ಮೊಣಕೈ ಗುದ್ದಾಟ.
ಆಯ್ಲಿನ್ ಬೇಕೆಂದೇ ತಿವಿಯುತ್ತಿದ್ದಳು;
ಮೂರನೆಯ ಹಂತ ದಾಟಿದ್ದು ಹಾಗೆಯೇ.

ಭಾನುವಾರ ಇಗರ್ಜಿಗೆ ಹೋಗಲಿಲ್ಲ,
ಕೆಂಪನ್ನು ಬಿಚ್ಚಿ ಅದರ ಜಾಗಕ್ಕೆ ಕಟ್ಟಿದೆ.
ಕೆಲಸಗಾರನಿಗೆ ಮಾನ ಬೇಡವೇ?

ಮಂಗಳವಾರ ಹಳ್ಳ ಎದುರಾದಾಗ
ಅಜ್ಜಿಯ ಕಣ್ಣು ಅವಳ ಸೈನಿಕನ ಮೇಲಿರಲಿಲ್ಲ.
ರೊಸೆಂದೊನ ಗಿಡ್ಡ ಬೆರಳು ಗುಂಡಿಗೆ ಎಟುಕುವ ಮುನ್ನ
ಅವಳು ತನ್ನದನ್ನು ಒತ್ತಿದ್ದಳು.
ಯಾರೂ ಹಾರಲಿಲ್ಲ.
ಅವನು ಗುಂಡಿಗೆ ಬಿದ್ದ.

ಇಬ್ಬರೂ ನನ್ನ ಕಡೆ ತಿರುಗಿದರು.
ಬೈದಿದ್ದರೆ ಉತ್ತರವಿತ್ತು.

ಸ್ಕ್ರೂಡ್ರೈವರ್ ತಂದು
ಪೆಟ್ಟಿಗೆಯ ಹಿಂದೆ ಮಂಡಿಯೂರಿದೆ,
ಹಲ್ಲಿನ ನಡುವೆ ಟಾರ್ಚು.
ಮೇಲೆ, ಆಟ ನಿಂತೇ ಇದ್ದರೂ,
ಎರಡು ಬೆರಳು ಜಾಗಕ್ಕಾಗಿ
ಮೂವರ ಜಗಳ ಶುರುವಾಗಿತ್ತು.